ಹಳೇ ಕಾರಿನ ವಯಸ್ಸು ಎಣಿಸ್ತೀವಿ, ಚಕ್ರದ ನಟ್ ನೋಡೋರು ಯಾರು?

ಕಳೆದ ದಸರಾ ಮುಗಿದ ವಾರ. ಅಪ್ಪನ ಕಣ್ಣಿನ ತಪಾಸಣೆ ಮುಗಿಸಿ ಬೆಂಗಳೂರಿನಿಂದ ಹಾಸನದ ಕಡೆ ಹೊರಟಿದ್ದೆವು. ಕಾರು ಅಪ್ಪನದೇ, 2008ರ ಮಾರುತಿ 800. ಆಯುಧಪೂಜೆಗೆ ಕಟ್ಟಿದ್ದ ಸೇವಂತಿಗೆ ಹಾರ ಒಣಗಿ ಬಂಪರ್ ಮೇಲೆ ಇನ್ನೂ ತೂಗಾಡ್ತಿತ್ತು.

ಯಡಿಯೂರು ದಾಟಿದ ಮೇಲೆ ಎಡಗಡೆ ಮುಂದಿನ ಟೈರ್ ಪಂಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಅದು ನನ್ನದೇ ತಪ್ಪು, ಅಪ್ಪ ಅದನ್ನು ಇಂದಿಗೂ ಮರೆತಿಲ್ಲ. ಪುಣ್ಯಕ್ಕೆ ಸ್ವಲ್ಪ ದೂರದಲ್ಲೇ ಒಂದು ಪಂಚರ್ ಅಂಗಡಿ ಇತ್ತು. ಅಂಗಡಿಯ ಹುಡುಗ ಹತ್ತೊಂಬತ್ತು ಇಪ್ಪತ್ತರ ವಯಸ್ಸಿನವನು. ಚಕ್ರ ಬಿಚ್ಚಿದ, ಪಂಚರ್ ಹಾಕಿದ, ಮತ್ತೆ ಕೂರಿಸಿದ. ಕೊನೆಗೆ ವೀಲ್ ಸ್ಪ್ಯಾನರ್ ಮೇಲೆ ಎರಡೂ ಕಾಲಿಟ್ಟು ನಿಂತು ಒಂದೊಂದು ನಟ್ಟನ್ನೂ ಬಿಗಿದ. "ಇನ್ನು ಆನೆ ಕಟ್ಟಿ ಎಳೆದ್ರೂ ಬಿಚ್ಚಲ್ಲ ಅಣ್ಣ" ಅಂದ. ನೂರು ರೂಪಾಯಿ ಕೊಟ್ಟು ಹೊರಟೆವು.

ಹಿರೀಸಾವೆ ದಾಟಿರಬೇಕು. ಎಡಗಡೆಯಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಸ್ಪೀಡ್ ಕಡಿಮೆ ಮಾಡಿದರೆ ಸದ್ದಿನ ವೇಗವೂ ಕಡಿಮೆ. ಸ್ಟೇರಿಂಗ್ ಸಣ್ಣಗೆ ನಡುಗುತ್ತಿತ್ತು. "ರೋಡ್ ಸರಿ ಇಲ್ಲ ಅಷ್ಟೇ" ಅಂದೆ ನಾನು. "ರೋಡ್ ಚೆನ್ನಾಗೇ ಇದೆ, ನಿಲ್ಸು" ಅಂದರು ಅಪ್ಪ. ಇಳಿದು ನೋಡಿದರೆ ನಾಲ್ಕು ನಟ್‌ಗಳಲ್ಲಿ ಎರಡು ಬೆರಳಿನಿಂದಲೇ ತಿರುಗುತ್ತಿದ್ದವು. ಮೂರನೆಯದು ಸ್ಪ್ಯಾನರ್ ಇಟ್ಟ ಕೂಡಲೇ ಸಡಿಲವಾಯಿತು. ಒಂದೇ ಒಂದು ನಟ್ ಚಕ್ರವನ್ನು ಹಿಡಿದುಕೊಂಡಿತ್ತು. ಅಲ್ಲಿಯವರೆಗೆ ನಾವು ಎಂಬತ್ತರಲ್ಲಿ ಬರುತ್ತಿದ್ದೆವು.

ಮೊದಲು ನನಗೆ ಬಂದದ್ದು ಆ ಹುಡುಗನ ಮೇಲೆ ಸಿಟ್ಟು. ಆದರೆ ಅವನು ನಟ್ ಬಿಗಿ ಮಾಡದೆ ಬಿಟ್ಟಿರಲಿಲ್ಲ, ಮೇಲೆ ನಿಂತು ಬಿಗಿದದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಹಾಗಾದರೆ ಬಿಚ್ಚಿಕೊಂಡಿದ್ದು ಹೇಗೆ? ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು. ಬೋಲ್ಟ್ ಲೆಕ್ಕ ಬರೆದು ಪರೀಕ್ಷೆ ಪಾಸಾಗಿದ್ದೇನೆ. ಆದರೂ ಉತ್ತರ ತಕ್ಷಣ ಹೊಳೆಯಲಿಲ್ಲ.

ಬಿಗಿ ಅಂದ್ರೆ ಏನು?

ಕಾರಿನ ಭಾರವನ್ನು ಆ ಸ್ಟಡ್‌ಗಳು ಗೂಟದ ಹಾಗೆ ಹೊತ್ತುಕೊಂಡಿವೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ನಟ್ ಬಿಗಿದಾಗ ಸ್ಟಡ್ ಒಂದು ಗಟ್ಟಿ ಸ್ಪ್ರಿಂಗ್‌ನಂತೆ ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತ ರಿಮ್ಮನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಹಾಗೆ ಒತ್ತಿದ ಎರಡು ಮುಖಗಳ ನಡುವಿನ ಘರ್ಷಣೆಯೇ ಕಾರಿನ ಭಾರ, ಬ್ರೇಕ್, ತಿರುವು ಎಲ್ಲವನ್ನೂ ತಡೆದುಕೊಳ್ಳುವುದು.

ಸಣ್ಣ ಕಾರುಗಳಿಗೆ ಕಂಪನಿಗಳು ಸಾಮಾನ್ಯವಾಗಿ ಹೇಳುವ ಬಿಗಿ 85ರಿಂದ 110 ನ್ಯೂಟನ್ ಮೀಟರ್. ಲೆಕ್ಕಕ್ಕೆ 100 ಅಂತ ಇಟ್ಟುಕೊಳ್ಳಿ. ಅರ್ಧ ಮೀಟರ್ ಉದ್ದದ ಸ್ಪ್ಯಾನರ್ ತುದಿಗೆ 20 ಕೆಜಿ ಭಾರ ಹಾಕಿದರೆ ಬರುವ ತಿರುಚು ಅದು. 12 ಮಿಲಿಮೀಟರ್ ಸ್ಟಡ್‌ನಲ್ಲಿ ಇದರಿಂದ ಹುಟ್ಟುವ ಒತ್ತು ಹೆಚ್ಚುಕಡಿಮೆ ನಾಲ್ಕು ಟನ್. ಅಷ್ಟು ಒತ್ತಿಗೆ ಸ್ಟಡ್ ಹಿಗ್ಗುವುದು ಎಷ್ಟು ಗೊತ್ತಾ? ತಲೆಗೂದಲಿನ ದಪ್ಪದಷ್ಟೂ ಇರುವುದಿಲ್ಲ.

ನಮ್ಮ ಕಾರಿನ ಕಥೆ ಇರುವುದು ಇಲ್ಲೇ. ಹದಿನೇಳು ವರ್ಷದ ಕಾರು, ಹಬ್ ಮುಖದ ಮೇಲೆ ತುಕ್ಕಿನ ಹೆಕ್ಕಳೆ, ರಿಮ್ ಹಿಂದೆ ಒಣಗಿದ ಮಣ್ಣು. ಚಕ್ರ ಕೂರಿಸಿ ಬಿಗಿದಾಗ ಆ ತುಕ್ಕೂ ಮಣ್ಣೂ ನಡುವೆ ಸಿಕ್ಕಿಕೊಂಡವು. ಕಾರು ಓಡಿ, ಗುಂಡಿ ಹತ್ತಿ ಇಳಿದಾಗ ಅವು ಪುಡಿಯಾದವು. ಕೂದಲಿನಷ್ಟು ಜಾಗ ಖಾಲಿಯಾದರೆ ಸಾಕು, ಸ್ಟಡ್‌ನ ಹಿಗ್ಗು ಹೋಯಿತು, ಹಿಡಿತವೂ ಹೋಯಿತು. ಇದರ ಜೊತೆಗೆ ಥ್ರೆಡ್ ಕೂಡ ತುಕ್ಕು ಹಿಡಿದಿತ್ತು. ನಾವು ಸ್ಪ್ಯಾನರ್‌ಗೆ ಹಾಕುವ ಬಲದಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಸ್ಟಡ್ ಎಳೆಯಲು ಹೋಗುತ್ತದೆ, ಉಳಿದದ್ದು ಘರ್ಷಣೆಗೆ ಖರ್ಚು. ತುಕ್ಕು ಇದ್ದರೆ ಆ ಒಂದು ಪಾಲಿಗೂ ಕತ್ತರಿ. ಕೈಗೆ ಬಿಗಿ ಅನ್ನಿಸುತ್ತದೆ, ಒಳಗೆ ಬಿಗಿ ಇರುವುದಿಲ್ಲ.

ಹಿಡಿತ ಹೋದ ಮೇಲೆ ರಿಮ್ ಅಡ್ಡಡ್ಡ ಜಾರಲು ಶುರು ಮಾಡುತ್ತದೆ. ಅಡ್ಡ ಜಾರಾಟಕ್ಕೆ ಸಿಕ್ಕಿದ ನಟ್ ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ ಅನ್ನುವುದನ್ನು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರ್ 1969ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ಬೋಲ್ಟ್ ಪರೀಕ್ಷಿಸಲು ಇವತ್ತಿಗೂ ಬಳಸುವ ಯಂತ್ರಕ್ಕೆ ಅವನದೇ ಹೆಸರು. ಅಂದರೆ ಇದು ಹಣೆಬರಹ ಅಲ್ಲ, ಐವತ್ತು ವರ್ಷಕ್ಕೂ ಹಳೆಯ ವಿಜ್ಞಾನ.

ಸ್ಪ್ಯಾನರ್ ಮೇಲೆ ನಿಲ್ಲುವುದರಲ್ಲಿ ಇನ್ನೊಂದು ಅಪಾಯವೂ ಇದೆ. 70 ಕೆಜಿ ಮನುಷ್ಯ 30 ಸೆಂಟಿಮೀಟರ್ ಸ್ಪ್ಯಾನರ್ ತುದಿಯಲ್ಲಿ ನಿಂತರೆ 200 ನ್ಯೂಟನ್ ಮೀಟರ್ ದಾಟುತ್ತದೆ, ಬೇಕಾದ್ದಕ್ಕಿಂತ ದುಪ್ಪಟ್ಟು. ದೊಡ್ಡ ಅಂಗಡಿಗಳ ಗಾಳಿ ಗನ್‌ಗಳು ಇನ್ನೂ ಹೆಚ್ಚು ಕೊಡಬಲ್ಲವು. ಥ್ರೆಡ್ ಚೊಕ್ಕವಾಗಿದ್ದರೆ ಅಷ್ಟು ಬಲಕ್ಕೆ ಸ್ಟಡ್ ಶಾಶ್ವತವಾಗಿ ಹಿಗ್ಗಿ ಸೋಲಬಹುದು. ಹಳೇ ಕಾರಿನ ಸ್ಟಡ್ ಇಂಥ ಎಷ್ಟು ಪಂಚರ್‌ಗಳನ್ನು ಕಂಡಿದೆಯೋ, ಲೆಕ್ಕ ಇಟ್ಟವರಿಲ್ಲ.

ಸರ್ಕಾರ ಎಣಿಸುವುದು ವರ್ಷ

ಹಳೇ ಕಾರು ಅಂದ ಕೂಡಲೇ ನಮ್ಮ ದೇಶದಲ್ಲಿ ಚರ್ಚೆ ಶುರುವಾಗುವುದು ಒಂದೇ ಅಂಕಿಯಿಂದ. ಹತ್ತು ವರ್ಷ, ಹದಿನೈದು ವರ್ಷ, ಈಗ ಇಪ್ಪತ್ತು ವರ್ಷ. 2021ರಲ್ಲಿ ಗುಜರಿ ನೀತಿ ಬಂತು. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಯಿತು.

ಅಪ್ಪ 2023ರಲ್ಲಿ ಆ 5,000 ಕಟ್ಟಿದವರು. ಕಾರು ತೋರಿಸಲು ಹೋದಾಗ ಚಾಸಿ ನಂಬರ್ ನೋಡಿದರು, ಲೈಟ್ ನೋಡಿದರು, ಹಾರ್ನ್ ಒತ್ತಿದರು, ಹೊಗೆ ಸರ್ಟಿಫಿಕೇಟ್ ಕೇಳಿದರು. ಚಕ್ರದ ಹತ್ತಿರ ಯಾರೂ ಬಗ್ಗಲಿಲ್ಲ. ಐದು ವರ್ಷಕ್ಕೆ ನವೀಕರಣ ಆಯಿತು.

ಹಳೇ ಕಾರುಗಳ ಪರವಾಗಿ ವಕಾಲತ್ತು ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಹೊಗೆಯ ಪ್ರಶ್ನೆ ನಿಜವಾದದ್ದು. ಡಿಕ್ಕಿ ಹೊಡೆದಾಗ ಹಳೇ ಕಾರು ದುರ್ಬಲ ಅನ್ನುವುದೂ ನಿಜ. ಹೊಸ ಕಾರುಗಳಿಗೆ ಎಬಿಎಸ್, ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರಲ್ಲಿ. ಅಪ್ಪನ ಕಾರಿನಲ್ಲಿ ಎರಡೂ ಇಲ್ಲ. ಯಂತ್ರಗಳಿಂದ ಫಿಟ್‌ನೆಸ್ ಪರೀಕ್ಷೆ ಮಾಡುವ ಸ್ವಯಂಚಾಲಿತ ಕೇಂದ್ರಗಳೂ ಬೇಕು. ಬ್ರೇಕ್ ಎಷ್ಟು ಹಿಡಿಯುತ್ತದೆ, ಹೆಡ್‌ಲೈಟ್ ಎತ್ತ ಬೀಳುತ್ತದೆ, ಹೊಗೆ ಎಷ್ಟು ಅಂತ ರೋಲರ್ ಮತ್ತು ಸೆನ್ಸರ್‌ಗಳು ಅಳೆಯಲಿ.

ಆದರೆ ನಟ್‌ನ ಬಿಗಿ ಬೇರೆ ಜಾತಿಯ ಸಮಸ್ಯೆ. ಸರ್ಟಿಫಿಕೇಟ್‌ಗೆ ಐದು ವರ್ಷ ಆಯುಸ್ಸು ಇರಬಹುದು, ನಟ್‌ನ ಬಿಗಿಗೆ ಮುಂದಿನ ಪಂಚರ್ ತನಕ ಮಾತ್ರ. ಬೆಳಗ್ಗೆ ಪಾಸಾದ ಕಾರಿನ ಚಕ್ರವನ್ನು ಸಂಜೆ ಯಾರೋ ಬಿಚ್ಚಿ ಹಾಕಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಹಾಗಾಗಿ ಈ ಸುರಕ್ಷತೆ ಇರುವುದು ಆರ್‌ಟಿಓ ಕಚೇರಿಯಲ್ಲಿ ಅಲ್ಲ, ರಸ್ತೆ ಬದಿಯ ಪಂಚರ್ ಅಂಗಡಿಯಲ್ಲಿ. ನಮ್ಮ ನೀತಿಯ ಕಣ್ಣಿಗೆ ಆ ಅಂಗಡಿ ಬೀಳುವುದೇ ಇಲ್ಲ.

ಸತ್ತ ಮೇಲೂ ತಪ್ಪು ಡ್ರೈವರ್‌ದು

2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾದವು, 1,68,491 ಜನ ಸತ್ತರು. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಸಾವುಗಳಲ್ಲಿ ಶೇ. 71.2ಕ್ಕೆ ಕಾರಣ ಅತಿವೇಗ ಅಂತ ಅದೇ ವರದಿ ಹೇಳುತ್ತದೆ. ಅತಿವೇಗ ದೊಡ್ಡ ಕೊಲೆಗಾರ, ಅದರಲ್ಲಿ ತಕರಾರಿಲ್ಲ. ಆದರೆ ಈ ಕಾಲಂ ತುಂಬುವುದು ಹೇಗೆ ಅಂತ ಯೋಚಿಸಿ. ಸ್ಥಳಕ್ಕೆ ಹೋದ ಪೊಲೀಸರು ಮೊದಲು ನೋಡುವುದು ಡ್ರೈವರ್‌ನನ್ನು. ಎಫ್‌ಐಆರ್‌ನಲ್ಲಿ ಬರುವುದು 'ಅತಿವೇಗ ಮತ್ತು ಅಜಾಗರೂಕತೆ'. ಅಪಘಾತವಾದ ವಾಹನವನ್ನು ಪರಿಶೀಲಿಸಲು ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಅವಕಾಶ ಕೊಡುತ್ತದೆ. ಅಪಘಾತ ಪರಿಹಾರದ ತೀರ್ಪುಗಳನ್ನು ಓದಿದವರಿಗೆ ಆ ಪರಿಶೀಲನಾ ವರದಿಯ ಕೊನೆಯ ಸಾಲು ಚೆನ್ನಾಗಿ ಗೊತ್ತು: ಯಾಂತ್ರಿಕ ದೋಷದಿಂದ ಅಪಘಾತ ಆಗಿಲ್ಲ. ಅದೇ ಸಾಲು ಎಷ್ಟೋ ತೀರ್ಪುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಅವತ್ತು ಹಿರೀಸಾವೆ ಹತ್ತಿರ ಆ ನಾಲ್ಕನೇ ನಟ್ ಕೂಡ ಬಿಟ್ಟಿದ್ದರೆ? ಕಾರು ಡಿವೈಡರ್‌ಗೆ ಗುದ್ದಿ ಚಕ್ರ ಹೊಲಕ್ಕೆ ಉರುಳಿರುತ್ತಿತ್ತು. ಚಕ್ರ ಕಳಚಿದ್ದು ಗುದ್ದುವ ಮೊದಲೋ ಆಮೇಲೋ ಅಂತ ಕೂತು ನೋಡಲು ಸ್ಟಡ್‌ನ ಥ್ರೆಡ್ ಪರೀಕ್ಷಿಸಬೇಕು, ಅದಕ್ಕೆ ಸಮಯ ಬೇಕು, ತರಬೇತಿ ಬೇಕು. ಅದೆಲ್ಲ ಇಲ್ಲದಿದ್ದರೆ ವರದಿಯಲ್ಲಿ ನಾನು ಅತಿವೇಗದ ಶೇ. 71ರಲ್ಲಿ ಒಬ್ಬ. ಹೀಗೆ ದಾಖಲೆಗೇ ಬರದ ಕಾರಣಕ್ಕೆ ನೀತಿ ಎಲ್ಲಿಂದ ಬರಬೇಕು?

ಎಣಿಸಿದ ಕಡೆ ಏನಾಯಿತು ಅನ್ನುವುದಕ್ಕೆ ಎರಡು ಉದಾಹರಣೆ ಇವೆ. ಎರಡೂ ಭಾರೀ ವಾಹನಗಳದ್ದು. ಬ್ರಿಟನ್ನಿನಲ್ಲಿ 2006ರಲ್ಲಿ ಬಂದ ಅಧ್ಯಯನವೊಂದು ಅಲ್ಲಿ ವರ್ಷಕ್ಕೆ 150ರಿಂದ 400 ಚಕ್ರಗಳು ಕಳಚುತ್ತವೆ, ಅದರಿಂದ 3ರಿಂದ 7 ಮಾರಣಾಂತಿಕ ಅಪಘಾತಗಳಾಗುತ್ತವೆ ಅಂತ ಅಂದಾಜು ಮಾಡಿತು. ಕೆನಡಾದ ಒಂಟಾರಿಯೋದಲ್ಲಿ 1995ರಲ್ಲಿ ಲಾರಿಗಳಿಂದ ಕಳಚಿ ಬಂದ ಚಕ್ರಗಳು ಬಡಿದು ಜನ ಸತ್ತರು, ದೊಡ್ಡ ಗಲಾಟೆಯಾಯಿತು. 1997ರಲ್ಲಿ ಕಾನೂನು ಬಂತು: ವಾಣಿಜ್ಯ ವಾಹನದ ಚಕ್ರ ರಸ್ತೆಯಲ್ಲಿ ಕಳಚಿದರೆ ಅದನ್ನು ಓಡಿಸುವ ಸಂಸ್ಥೆ ಮತ್ತು ಮಾಲೀಕರು ಹೊಣೆ, ದಂಡ 50,000 ಡಾಲರ್‌ವರೆಗೆ. ನಮ್ಮ ಕಡೆಯಿಂದ ಎಲ್ಲ ಎಚ್ಚರಿಕೆ ತಗೊಂಡಿದ್ದೆವು ಅನ್ನುವ ಸಮಜಾಯಿಷಿ ನಡೆಯುವುದಿಲ್ಲ.

ನಾನು ಗಮನಿಸಿದ್ದು ದಂಡದ ಮೊತ್ತವನ್ನಲ್ಲ, ಅದು ಯಾರ ತಲೆ ಮೇಲೆ ಬಿತ್ತು ಅನ್ನುವುದನ್ನು. ಲಾಭ ಯಾರಿಗೋ ಹೊಣೆಯೂ ಅವರಿಗೇ. ನಮ್ಮಲ್ಲಿ ಇದು ಉಲ್ಟಾ. ಒಂದು ಕಾಲದಲ್ಲಿ ಲಾರಿ ಹೊರಡುವ ಮುಂಚೆ ಕ್ಲೀನರ್ ಕಬ್ಬಿಣದ ರಾಡ್ ಹಿಡಿದು ಸುತ್ತು ಬರುತ್ತಿದ್ದ. ಟೈರ್‌ಗೆ ಒಂದೇಟು, ನಟ್‌ಗೆ ಒಂದೇಟು, ಸದ್ದಿನಲ್ಲೇ ಸಡಿಲ ಗೊತ್ತಾಗುತ್ತಿತ್ತು. ಈಗ ಖರ್ಚು ಉಳಿಸಲು ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇಲ್ಲ. ಅವನ ಜೊತೆಗೆ ಆ ರಾಡ್, ಆ ಕಿವಿ ಎರಡೂ ಹೋದವು. ತಪ್ಪು ನಡೆದರೆ ಒಬ್ಬನೇ ಉಳಿದಿರುವ ಡ್ರೈವರ್ ಇದ್ದೇ ಇದ್ದಾನಲ್ಲ.

ಹುಡುಗ ನನಗೆ ಕೇಳಿದ ಪ್ರಶ್ನೆ

ಎರಡು ದಿನ ಬಿಟ್ಟು ವಾಪಸ್ ಬರುವಾಗ ಆ ಪಂಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಜಗಳಕ್ಕೆ ಅಂತ ಅಲ್ಲ, ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆಗಿದ್ದನ್ನು ಹೇಳಿದೆ. ಹುಡುಗನ ಮುಖ ಬಿಳಿಚಿಕೊಂಡಿತು. "ಯಜಮಾನ್ರಿಗೆ ಏನೂ ಆಗಿಲ್ಲ ತಾನೆ ಅಣ್ಣ?" ಅಂತ ಮೊದಲು ಅಪ್ಪನನ್ನು ಕೇಳಿದ.

ಆಮೇಲೆ ಇಬ್ಬರೂ ಕೂತು ಚಕ್ರ ಬಿಚ್ಚಿದೆವು. ಹಬ್ ಮೇಲಿನ ತುಕ್ಕು ತೋರಿಸಿದೆ. ಟಾರ್ಕ್ ರೆಂಚ್ ಬಗ್ಗೆ ಹೇಳಿದೆ, ಎಷ್ಟು ಬಿಗಿ ಬೇಕೋ ಅಷ್ಟಕ್ಕೆ 'ಟಿಕ್' ಅನ್ನುವ ರೆಂಚ್. ಸಾಧಾರಣದ್ದು ಎರಡು ಮೂರು ಸಾವಿರಕ್ಕೆ ಸಿಗುತ್ತದೆ ಅಂದೆ. ಅವನು ನಕ್ಕ, ದಿನಕ್ಕೆ ಎಷ್ಟು ಪಂಚರ್ ಬರುತ್ತದೆ ಅಂತ ಲೆಕ್ಕ ಹೇಳಿದ. ಐವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಒಂದ್ಸಲ ಚೆಕ್ ಮಾಡಿ ಅಂತ ಗಿರಾಕಿಗಳಿಗೆ ಹೇಳಬಹುದಲ್ವಾ ಅಂದೆ. "ಹಾಗಂದ್ರೆ ಬೈತಾರೆ ಅಣ್ಣ. ಯಾಕೆ, ನೀನು ಸರಿಯಾಗಿ ಬಿಗಿ ಮಾಡಿಲ್ವಾ ಅಂತಾರೆ. ಅದಕ್ಕೇ ಆನೆ ಮಾತು ಹೇಳೋದು" ಅಂದ.

ಆಮೇಲೆ ಕೇಳಿದ: "ನಿಮಗೆ ಇಂಜಿನಿಯರಿಂಗ್‌ನಲ್ಲಿ ಚಕ್ರ ಹಾಕೋದು ಹೇಳ್ಕೊಟ್ಟಿದ್ರಾ?"

ಇರಲಿಲ್ಲ. ನನಗೆ ಸೂತ್ರ ಗೊತ್ತಿತ್ತು, ಸ್ಪ್ಯಾನರ್ ಹಿಡಿದಿರಲಿಲ್ಲ. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು, ಸೂತ್ರ ಹೇಳಿಕೊಟ್ಟವರಿರಲಿಲ್ಲ. ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಎರಡು ವರ್ಷ. ಹತ್ತನೇ ತರಗತಿಗೆ ಶಾಲೆ ಬಿಟ್ಟು ಮಾವನ ಅಂಗಡಿಗೆ ಸೇರಿದವನಿಗೆ ಅದು ಎಟುಕುವುದಿಲ್ಲ. ಓದಿದವರು ಒಂದು ಕಡೆ, ಕೈಕೆಲಸದವರು ಇನ್ನೊಂದು ಕಡೆ ಅಂತ ನಾವು ಎಳೆದಿರುವ ಗೆರೆ ಎಷ್ಟು ಹಳೆಯದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಗೆರೆಯ ಮೇಲೆಯೇ ನಮ್ಮ ಚಕ್ರಗಳು ಓಡುತ್ತಿವೆ.

ಆಗಬೇಕಾದದ್ದು ಕಷ್ಟದ್ದೇನಲ್ಲ

ಕರ್ನಾಟಕದಲ್ಲಿ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಜಾರಿಗೆ ಬಂದಿದೆ. ಡ್ರೈವರ್, ಕ್ಲೀನರ್‌ಗಳ ಜೊತೆಗೆ ಗ್ಯಾರೇಜ್ ಮತ್ತು ಪಂಚರ್ ಅಂಗಡಿ ಕೆಲಸಗಾರರನ್ನೂ ಕಲ್ಯಾಣ ಮಂಡಳಿಯ ವ್ಯಾಪ್ತಿಗೆ ತಂದ ಒಳ್ಳೆಯ ಕಾನೂನು ಅದು. ಅದು ಕೆಲಸಗಾರ ಸತ್ತ ಮೇಲಿನ ಪರಿಹಾರಕ್ಕೆ ಮಾತ್ರ ನಿಲ್ಲಬಾರದು. ನೋಂದಾಯಿಸಿದ ಪ್ರತಿ ಪಂಚರ್ ಅಂಗಡಿಗೆ ಒಂದು ಟಾರ್ಕ್ ರೆಂಚ್, ಒಂದು ತಂತಿ ಬ್ರಷ್, ಸಂಬಳ ಕಡಿತವಿಲ್ಲದ ಒಂದು ದಿನದ ತರಬೇತಿ. ಅಪ್ಪ ಒಬ್ಬರೇ ಕಟ್ಟಿದ 5,000 ರೂಪಾಯಿ ಶುಲ್ಕದಲ್ಲಿ ಕಡಿಮೆ ಅಂದರೂ ಒಂದು ರೆಂಚ್ ಬರುತ್ತದೆ.

ಪೆಟ್ರೋಲ್ ಬಂಕ್‌ಗಳಲ್ಲಿ 'ಗಾಳಿ ಉಚಿತ' ಅಂತ ಬೋರ್ಡ್ ಇರುತ್ತದಲ್ಲ, ಅದರ ಪಕ್ಕದಲ್ಲಿ ಒಂದು ರೆಂಚ್ ನೇತು ಹಾಕಲಿ. ಅಪಘಾತ ಪರಿಶೀಲನಾ ವರದಿಯಲ್ಲಿ 'ಚಕ್ರದ ನಟ್ ಮತ್ತು ಸ್ಟಡ್ ಸ್ಥಿತಿ' ಅಂತ ಪ್ರತ್ಯೇಕ ಸಾಲು ಇರಲಿ. ಟ್ಯಾಕ್ಸಿ, ಶಾಲಾ ವ್ಯಾನ್, ಸರಕು ವಾಹನಗಳಲ್ಲಿ ನಟ್ ತಪಾಸಣೆಯ ಹೊಣೆ ಬಾಡಿಗೆ ಡ್ರೈವರ್‌ದಲ್ಲ, ಮಾಲೀಕ ಮತ್ತು ಕಂಪನಿಯದು ಅಂತ ಕಾನೂನು ಹೇಳಲಿ.

ಅಲ್ಲಿಯವರೆಗೆ ನಿಮ್ಮ ಮನೆಯ ಹಳೇ ಕಾರಿಗೆ ನೀವೇ ಮಾಡಬಹುದಾದದ್ದು ಇಷ್ಟು. ಚಕ್ರ ಬಿಚ್ಚಿದಾಗ ಹಬ್ ಮತ್ತು ರಿಮ್ ಒಂದಕ್ಕೊಂದು ಕೂರುವ ಮುಖಗಳನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ. ನಟ್‌ನ ಚೂಪು ಇಳಿಜಾರಿನ ಕಡೆ ರಿಮ್ ಒಳಗೆ ಕೂರಬೇಕು, ಉಲ್ಟಾ ಹಾಕಿದರೆ ಹಿಡಿಯುವುದಿಲ್ಲ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಒಂದು ನಟ್ ಆದ ಮೇಲೆ ಪಕ್ಕದ್ದಲ್ಲ, ಎದುರಿನದ್ದನ್ನು ಬಿಗಿಯಿರಿ. ಕೊನೆಯ ಬಿಗಿ ಜಾಕ್ ಇಳಿಸಿದ ಮೇಲೆ, ಮ್ಯಾನುಯಲ್ ಹೇಳಿದಷ್ಟೇ. ಸಲೀಸಾಗಲಿ ಅಂತ ಥ್ರೆಡ್‌ಗೆ ಎಣ್ಣೆ ಹಚ್ಚಬೇಡಿ, ಅದೇ ಬಲಕ್ಕೆ ಸ್ಟಡ್ ಮಿತಿ ಮೀರಿ ಹಿಗ್ಗುತ್ತದೆ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ನೋಡಿ. ಎಷ್ಟು ಬಿಗಿದರೂ ಸಡಿಲವಾಗುವ ನಟ್ ಇದ್ದರೆ ಸ್ಟಡ್ ಅಥವಾ ರಿಮ್ಮಿನ ತೂತು ಹಾಳಾಗಿದೆ ಅಂತ ಅರ್ಥ, ಬದಲಿಸಿ. ಟಕ್ ಟಕ್ ಸದ್ದು ಬಂದರೆ ರೋಡ್‌ಗೆ ಬೈಯಬೇಡಿ, ಇಳಿಯಿರಿ.

ಮತ್ತೆ ನೋಡಿಕೊಳ್ಳಿ ಅಂತ ಪಂಚರ್ ಅಂಗಡಿಯವರು ಹೇಳಿದರೆ ಅವರ ಕೆಲಸದ ಮೇಲೆ ಅನುಮಾನ ಪಡಬೇಡಿ. ಹಾಗೆ ಹೇಳುವವರೇ ಕೆಲಸ ಗೊತ್ತಿರುವವರು.

ಹೋದ ತಿಂಗಳು ಒಂದು ಟಾರ್ಕ್ ರೆಂಚ್ ಕೊಂಡು ಊರಿಗೆ ತಗೊಂಡು ಹೋದೆ. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ ಬೆಲೆ ಕೇಳಿದರು, ಸುಳ್ಳು ಹೇಳಿದೆ. ಈ ಸಲ ಆಯುಧಪೂಜೆಗೆ ಇದನ್ನೂ ಇಡೋಣ ಅಂದರು. ಕುಂಕುಮ ಹಚ್ಚುವ ಮೊದಲು ಹದಿನಾರು ನಟ್ ಬಿಗಿ ನೋಡೋಣ, ಆಮೇಲೆ ನಿಂಬೆಹಣ್ಣು ಇಡೋಣ ಅಂದೆ. ಒಪ್ಪಿದರು. ಅಂಥದ್ದೇ ಇನ್ನೊಂದು ರೆಂಚ್ ನನ್ನ ಬ್ಯಾಗಿನಲ್ಲಿದೆ, ಯಡಿಯೂರು ಕಡೆ ಮುಂದಿನ ಸಲ ಹೋದಾಗ ಕೊಡಲು. ಆದರೆ ಒಂದು ಅಂಗಡಿಗೆ ಒಬ್ಬ ಪತ್ರಕರ್ತ ರೆಂಚ್ ಕೊಡುವುದು ದಾನ ಆಗುತ್ತದೆ. ರಸ್ತೆಯುದ್ದದ ಎಲ್ಲ ಅಂಗಡಿಗಳಿಗೂ ಅದು ತಲುಪುವುದು ನೀತಿ. ನಾವು ಕೇಳಬೇಕಾದದ್ದು ಎರಡನೆಯದನ್ನು.